ಆಟಿ ಅಮಾವಾಸ್ಯೆ, ಒಂದು ಪಕ್ಕಾಸು
ಆಗಸ್ಟ್ 4, 2024, ಆದಿತ್ಯವಾರ. ಪೆರ್ಲ, ಕಾಸರಗೋಡು ಜಿಲ್ಲೆ.

ಬೆಳಗ್ಗೆ ಆರೂವರೆಗೇ, ಆಟಿ ತಿಂಗಳ ಅಮಾವಾಸ್ಯೆಗೆ ನಾವೆಲ್ಲ ಕುಡಿಯುವ ಹಾಲೆ ಕಷಾಯದ ಜಗಳ. ಮಧ್ಯಸ್ಥಿಕೆ ಮಾಡಲೆಂದೇ ಅಕ್ಕ ನಿನ್ನೆ ನನ್ನನ್ನು ಇಲ್ಲಿ ಉಳಿಸಿಕೊಂಡಳೋ ಏನೋ.

ಅಕ್ಕನ ಅತ್ತೆ ನಸುಕಿನಲ್ಲೇ ತೋಟದಾಚೆಯ ಹಾಲೆ ಮರದಿಂದ ತೊಗಟೆ ತರಿಸಿದ್ದರು. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಿಂದ ಜಜ್ಜಿಯೇ ತೆಗೆಯಬೇಕು. ರಸ ಹಿಂಡಿ, ಕರಿಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಪಗೆ ಕಾದ ಬೆಣಚುಕಲ್ಲನ್ನು ಅದರಲ್ಲಿ ಮುಳುಗಿಸಿದರು. ಚೊರ್ ಎಂದಿತು. ನಾನು ಮೂಗು ಹಿಡಿದು ಕುಡಿದೆ. ಐವತ್ತು ದಾಟಿದರೂ ಈ ಕಹಿ ನನಗೆ ಒಗ್ಗಲಿಲ್ಲ. ಎರಡನೆಯ ಲೋಟವನ್ನು ಅತ್ತೆ ನೇರವಾಗಿ ಚಾವಡಿಗೆ ಒಯ್ದು ಭಾವನ ಮುಂದೆ ಇಟ್ಟರು.

ಭಾವನ ನಾಲ್ಕನೆಯ ಕೀಮೋ ಮುಗಿದು ಇಂದಿಗೆ ಹತ್ತು ದಿನ. ಬಿಳಿ ರಕ್ತಕಣಗಳು ತಳ ಹಿಡಿಯುವ ಹೊತ್ತು ಇದೇ. ನೂರು ಡಿಗ್ರಿ ದಾಟಿದ ಜ್ವರ ಬಂದರೆ ರಾತ್ರಿಯೋ ಹಗಲೋ ನೋಡದೆ ಹೊರಟು ಬನ್ನಿ ಎಂದಿದ್ದಾರೆ ಡಾಕ್ಟರು. ಯಾವ ಕಷಾಯವಿದ್ದರೂ ಕೇಳದೆ ಕುಡಿಯಬಾರದು ಎಂದೂ ಹೇಳಿದ್ದಾರೆ. ಅಕ್ಕ ಲೋಟವನ್ನು ಎತ್ತಿಕೊಂಡಳು.

"ಅರುವತ್ತು ವರ್ಷ ಒಂದು ಆಟಿಯನ್ನೂ ತಪ್ಪಿಸದೆ ಕುಡಿದ ಮೈ ಅದು," ಎಂದರು ಅತ್ತೆ.

"ಕುಡಿದೂ ಬಂತಲ್ಲಮ್ಮ," ಎಂದ ಭಾವ. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸಿದ ಹಾಗೆ.

ಅತ್ತೆಯ ಮುಖ ನೋಡಲಾಗದೆ ನಾನು ಬಾಯಿ ಹಾಕಿದೆ. ನಾಟಿ ಮದ್ದೆಲ್ಲ ಬೇಡವೆಂದಲ್ಲ ಅತ್ತೆ, ಭಾವನಿಗೆ ಕೊಡುವ ಐದು ಮದ್ದುಗಳಲ್ಲಿ ಒಂದಾದ ವಿಂಕ್ರಿಸ್ಟಿನ್ ಬಂದದ್ದೇ ನಿಮ್ಮ ತುಳಸಿಕಟ್ಟೆಯ ಪಕ್ಕದ ಕಾಶಿಕಣಗಿಲೆಯಿಂದ ಎಂದೆ. ಮೇಷ್ಟ್ರಗಿರಿ! ಅತ್ತೆ ಅಂಗಳದ ಕಡೆ ನೋಡಿ, "ಹಾಗಾದರೆ ಅದರದೇ ಒಂದು ಕಷಾಯ ಮಾಡಿದರೆ ಆಗದೇ?" ಎಂದು ಕೇಳಿದರು. ಆಗಲೇ ಆಗದು, ಅದು ವಿಷ, ಕಾರ್ಖಾನೆಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಬೇರ್ಪಡಿಸಿದ್ದನ್ನು ಮಾತ್ರ ಕೊಡುವುದು ಎಂದು ತಿದ್ದಿ ಹೇಳುವಷ್ಟರಲ್ಲಿ ನನಗೆ ಬೆವರು. ಅಕ್ಕ ಮಧ್ಯಾಹ್ನ ಆ ಗಿಡಗಳನ್ನು ಸದ್ದಿಲ್ಲದೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದನ್ನು ಕಂಡೆ. ಒಳ್ಳೆಯದೇ ಆಯಿತು.

ಮೆಂತೆ ಗಂಜಿ ಎಲ್ಲರಿಗೂ ಸಿಕ್ಕಿತು. ಅದಕ್ಕೆ ತಕರಾರಿಲ್ಲ.

ಕಳೆದ ದೀಪಾವಳಿಗೆ ಎಡತೊಡೆ ನೋವು ಶುರುವಾದಾಗ ಎಲ್ಲರೂ ವಾತ ಎಂದೆವು. ಎರಡು ಬಾಟಲಿ ಮುರಿವೆಣ್ಣ ತೈಲ ಖಾಲಿಯಾಯಿತು. ನೋವು ರಾತ್ರಿಯಲ್ಲೇ ಹೆಚ್ಚು, ಮಲಗಿದರೂ ಇಳಿಯದು. ಅಲ್ಲೇ ಎಚ್ಚರವಾಗಬೇಕಿತ್ತು, ಆಗಲಿಲ್ಲ. ಎಕ್ಸ್‌ರೇ, ಎಂಆರ್‌ಐ, ಸೂಜಿ ಹಾಕಿ ತೆಗೆದ ತುಣುಕು, ಆ ತುಣುಕಿನ ಮೇಲೆ ಇನ್ನೊಂದು ಪರೀಕ್ಷೆ, ಕೊನೆಗೆ ಪೆಟ್ ಸ್ಕ್ಯಾನ್. ವರದಿಯಲ್ಲಿದ್ದದ್ದು ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್; ಸಿಡಿ 20 ಪಾಸಿಟಿವ್, ಅಂದರೆ ಆ ಕಣಗಳ ಮೈಮೇಲೆ ಆ ಹೆಸರಿನ ಗುರುತು ಇದೆ. ತೊಡೆಯ ಮೂಳೆಯಲ್ಲೇ ಹುಟ್ಟಿದ್ದು, ಬೇರೆಲ್ಲೂ ಇಲ್ಲ. ಸಿಡಿ 20 ಇದ್ದದ್ದು ಒಳ್ಳೆಯದು, ರಿಟುಕ್ಸಿಮ್ಯಾಬ್ ಎಂಬ ಮದ್ದು ಅದನ್ನೇ ಗುರುತಾಗಿ ಹಿಡಿಯುತ್ತದೆ ಎಂದರು ಡಾಕ್ಟರು. ಕಾಯಿಲೆಯಲ್ಲಿಯೂ ಒಳ್ಳೆಯದು ಎಂಬ ಮಾತು ಕೇಳಿ ಅಕ್ಕ ಅತ್ತಳು.

ಊರಿನಲ್ಲಿ ಮೊದಲು ಬರುವ ಮಾತು ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ್ದು. ಪೆರ್ಲವಿರುವ ಎಣ್ಮಕಜೆ ಪಂಚಾಯತಿನವರಾದ ನಮಗೆ ಆ ಸಂಶಯ ಹುಟ್ಟುವುದು ಸಹಜ. ಒಬ್ಬ ಮನುಷ್ಯನ ಕಾಯಿಲೆಗೆ ಇದೇ ಕಾರಣವೆಂದು ಬೊಟ್ಟು ಮಾಡಲಾಗದು ಎಂದು ಡಾಕ್ಟರು ಹೇಳಿದಾಗ ಭಾವನೂ ಮತ್ತೆ ಕೇಳಲಿಲ್ಲ. ಅವನಿಗೆ ಕಾರಣಕ್ಕಿಂತ ಮೂಳೆಯದೇ ಚಿಂತೆ.

ಇಂದು ಬರೆಯಲು ಕುಳಿತದ್ದೂ ಅದಕ್ಕೇ. ಮಧ್ಯಾಹ್ನ ಚಾವಡಿಯಲ್ಲಿ ನಾವಿಬ್ಬರೇ. ಟಿ.ವಿ.ಯಲ್ಲಿ ಮತ್ತೆ ವಯನಾಡಿನ ಭೂಕುಸಿತ, ಚೂರಲ್‌ಮಲೆಯ ಕೆಸರು. ಭಾವ ಆರಿಸು ಎಂದ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಆ ಕಾಶಿಕಣಗಿಲೆಯ ಮದ್ದಿನಿಂದ ಬೆರಳ ತುದಿಗಳೆಲ್ಲ ಜೋಮು. ಗುಂಡಿ ಸಿಕ್ಕಿದೆಯೋ ಇಲ್ಲವೋ ಕಣ್ಣಿನಿಂದ ನೋಡಿಯೇ ತಿಳಿಯಬೇಕು. ಮುಟ್ಟಿದರೆ ಸಾಕು, ಅಡಿಕೆ ಒಣಗಿದೆಯೋ ಇಲ್ಲವೋ ಹೇಳುತ್ತಿದ್ದ ಕೈ. ಮೂರನೆಯ ಗುಂಡಿ ಎರಡನೆಯ ಕಾಜಕ್ಕೆ ಹೋಯಿತು. ನಾನು ಸಹಾಯಕ್ಕೆ ಕೈ ಚಾಚಲಿಲ್ಲ. ಕಳೆದ ಸಲ ಚಾಚಿ ಬೈಸಿಕೊಂಡಿದ್ದೆ.

"ಭಾವ, ಒಂದು ಕೇಳುತ್ತೇನೆ," ಎಂದ; ಅವನು ನನ್ನನ್ನು ಕರೆಯುವುದೂ ಹಾಗೆಯೇ. "ಎಲುಬಿನಲ್ಲಿ ಇರುವುದಕ್ಕೆ ಕೈಯ ನರಕ್ಕೆ ಯಾಕೆ ಮದ್ದು? ಅದನ್ನು ಕೊರೆದು ತೆಗೆಯುವುದಲ್ಲವೇ?"

ಇದು ರಕ್ತದ ಜಾತಿಯ ಕಾಯಿಲೆ, ಮೂಳೆ ಅದು ಕುಳಿತ ಜಾಗ ಮಾತ್ರ, ಕಣ್ಣಿಗೆ ಕಾಣದ ಕಣಗಳು ಬೇರೆಡೆಯೂ ಇರಬಹುದು, ಕೊರೆದು ತೆಗೆದರೆ ಗುಣವಾಗದು ಎಂದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಆರು ಸಲ, ಆಮೇಲೆ ಬೇಕಾದರೆ ತೊಡೆಗೆ ವಿಕಿರಣ. ಅವನಿಗೆ ಗೊತ್ತಿದ್ದದ್ದೇ. ನಿಜವಾದ ಪ್ರಶ್ನೆ ಹಿಂದೆ ಇತ್ತು.

ಊರುಗೋಲಿನಿಂದ ಮಾಡಿನ ಪಕ್ಕಾಸನ್ನು ತೋರಿಸಿದ. "ಮೂರು ವರ್ಷದ ಹಿಂದೆ ಗೆದ್ದಲು ಹಿಡಿದದ್ದು ಅದಕ್ಕೆ. ಮದ್ದು ಬಿಟ್ಟೆ, ಗೆದ್ದಲು ಸತ್ತಿತು. ತಿಂದ ಮರ ಬಂತೇ? ಬಡಿದು ನೋಡು, ಈಗಲೂ ಟೊಳ್ಳು. ಮೊನ್ನೆ ಮದ್ದು ಹಿಡಿದಿದೆ, ಗಡ್ಡೆ ಕರಗುತ್ತಿದೆ ಎಂದರು. ಕರಗಿದ ಜಾಗದಲ್ಲಿ ಏನಿದೆ ಈಗ?"

ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ತಿಂಗಳಿನಿಂದ ವರದಿಗಳ ಕಡತ ಹೊತ್ತು ತಿರುಗಿದವನು ನಾನು, ಈ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಸಂಜೆ ಡಾಕ್ಟರಿಗೆ ಸಂದೇಶ ಕಳಿಸಿದೆ. ಪುಣ್ಯಾತ್ಮರು ಆದಿತ್ಯವಾರವೂ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ಇಟ್ಟೆ.

ಮರ ಸತ್ತದ್ದು, ಮೂಳೆ ಜೀವಂತ, ಅದು ತನ್ನನ್ನೇ ಮತ್ತೆ ಕಟ್ಟಿಕೊಳ್ಳುತ್ತದೆ ಎಂದರು. ಆದರೆ ನಿಧಾನ, ತಿಂಗಳುಗಟ್ಟಲೆ. ಗಡ್ಡೆ ಕರಗಿ ಹೊಸ ಮೂಳೆ ಇನ್ನೂ ಬಲಿಯದ ಈ ನಡುವಿನ ಕಾಲದಲ್ಲೇ ಮುರಿಯುವ ಭಯ, ಅದಕ್ಕೇ ವಾಕರ್ ಬಿಡಬೇಡಿ ಎಂದದ್ದು. ಗೋಡೆ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಒಳಗೆ ಸರಳು ಹಾಕಬೇಕಿತ್ತು, ನಿಮ್ಮದು ಅಷ್ಟಿಲ್ಲ. ಇನ್ನೊಂದು ಮಾತು ಹೇಳಿದರು: ಮೂಳೆ ತಿಂದದ್ದು ಬಹುಮಟ್ಟಿಗೆ ಗಡ್ಡೆಯಲ್ಲ. ಹಳೆಯ ಮೂಳೆಯನ್ನು ಕೆಡವುವ ಕಣಗಳು ಎಲ್ಲರ ಮೈಯಲ್ಲೂ ಇರುತ್ತವೆ, ಗಡ್ಡೆ ಅವುಗಳಿಗೆ ಕುಮ್ಮಕ್ಕು ಕೊಡುತ್ತದೆ.

"ಮನೆಯವರೇ ತಿಂದದ್ದು ಎಂದಾಯಿತು," ಎಂದ ಭಾವ. ಡಾಕ್ಟರು ಜೋರಾಗಿ ನಕ್ಕರು. ಭಾವನೂ ನಕ್ಕ. ಕೀಮೋದ ದಿನದಿಂದ ಐದು ದಿನ ಪ್ರೆಡ್ನಿಸೊಲೋನ್ ನುಂಗುವಾಗ ಬರುವ ಹುಸಿ ಹುರುಪಿನ ನಗೆ ಬೇರೆ. ಆ ದಿನಗಳಲ್ಲಿ ರಾತ್ರಿ ಎರಡಕ್ಕೆ ಎದ್ದು ದೋಸೆ ಕೇಳುತ್ತಾನೆ, ಆರನೆಯ ದಿನ ಮಗುಚಿದ ದೋಣಿ. ಇದು ಅದಲ್ಲ.

ಆಮೇಲೆ ಎಲ್ಲವೂ ಸರಿಯಾಯಿತು ಎಂದೇನೂ ಅಲ್ಲ. ರಕ್ತಕಣ ಏರಿಸುವ ಚುಚ್ಚುಮದ್ದು ಹಾಕಿಸಿಕೊಂಡ ಮೂರನೆಯ ದಿನ ಸೊಂಟದಲ್ಲಿ ಕೊರೆತ ಶುರುವಾಗಿತ್ತಂತೆ. ಹೊಸ ಜಾಗಕ್ಕೆ ಹಬ್ಬಿತೆಂದು ಎರಡು ರಾತ್ರಿ ಯಾರಿಗೂ ಹೇಳದೆ ಮಲಗಿದ್ದಾನೆ! ಆ ಚುಚ್ಚುಮದ್ದಿಗೆ ಮಜ್ಜೆ ಚುರುಕಾಗಿ ಬರುವ ನೋವು ಅದು, ನಮಗೆ ಮೊದಲೇ ಹೇಳಿದ್ದರು. ನಾನು ಅವನಿಗೆ ಹೇಳಲು ಮರೆತಿದ್ದೆ. ಅಕ್ಕನಿಗೂ ಇಂದೇ ಗೊತ್ತಾದದ್ದು. ಅವಳು ನನ್ನ ಹತ್ತಿರ ಮಾತನಾಡದೆ ಪಾತ್ರೆ ತೊಳೆಯುತ್ತಿದ್ದಾಳೆ.

ಪೆಟ್ ಸ್ಕ್ಯಾನಿನ ವಿಷಯವನ್ನೂ ಕೇಳಿದೆ; ಅದರಲ್ಲಿ ಗಡ್ಡೆ ಬೆಳಕಾಗಿ ಕಾಣುತ್ತದೆ. ಮೂಳೆಯಲ್ಲಿ ಬೆಳಕು ಉಳಿದರೆ ಕೂಡಲೇ ಗಾಬರಿ ಬೇಡ, ಕಟ್ಟಿಕೊಳ್ಳುತ್ತಿರುವ ಮೂಳೆಯೂ ಹೊಳೆಯುತ್ತದೆ ಎಂದರು. ಭಾವ ಅದನ್ನು ಕೇಳಿಸಿಕೊಂಡು ಸುಮ್ಮನಾದ. ಫೋನ್ ಇಟ್ಟ ಮೇಲೆ, "ಕಳ್ಳನ ಕೈಯಲ್ಲಿಯೂ ಮೇಸ್ತ್ರಿಯ ಕೈಯಲ್ಲಿಯೂ ಒಂದೇ ಟಾರ್ಚು," ಎಂದ.

ಐದನೆಯ ಕೀಮೋಗೆ ಲೆಕ್ಕದ ಪ್ರಕಾರ ಆಗಸ್ಟ್ 15ಕ್ಕೆ ಮಂಗಳೂರಿಗೆ ಹೋಗಬೇಕು. ಅಂದು ರಜೆ, 16ಕ್ಕೆ ಬನ್ನಿ ಎಂದಿದ್ದಾರೆ. ಹೋಗುವ ದಾರಿಯೇ ದೊಡ್ಡ ಸಮಸ್ಯೆ. ಅಡ್ಕಸ್ಥಳ, ವಿಟ್ಲ ದಾಟಿ ಹೋದರೆ ಕಲ್ಲಡ್ಕದಲ್ಲಿ ಮೇಲ್ಸೇತುವೆ ಕೆಲಸದ ಕೆಸರು. ಕುಂಬಳೆ, ತಲಪಾಡಿಯ ಕಡೆಯಿಂದ ಹೋದರೆ ಷಟ್ಪಥದ ಕೆಲಸ, ಸರ್ವಿಸ್ ರಸ್ತೆಯ ಹೊಂಡ. ಕಳೆದ ಸಲ ಕಲ್ಲಡ್ಕದಲ್ಲಿ ಕಾರು ಒಮ್ಮೆ ಧೊಪ್ಪನೆ ಇಳಿದಾಗ ಭಾವ ಎರಡೂ ಕೈಯಿಂದ ತೊಡೆಯನ್ನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ. ಈ ಸಲ ಕುಂಬಳೆಯ ಕಡೆಯಿಂದಲೇ ಎಂದು ಅಕ್ಕ. ಚಾಲಕನನ್ನು ಕೇಳಿದರೆ ಮಳೆ ನೋಡಿ ಹೇಳುತ್ತೇನೆ ಎನ್ನುತ್ತಾನೆ. ಈಗ ಹೊರಗೆ ಸುರಿಯುತ್ತಿರುವುದನ್ನು ನೋಡಿದರೆ ಎರಡೂ ಕಡೆ ಕಷ್ಟವೇ.