ಗಡಿ ತೆರೆದ ಮೇಲೆ ಉಳಿಯುವ ಪಾಲಿನ ಪ್ರಶ್ನೆ

ಕೀನ್ಯಾ, ಉಗಾಂಡಾ ಮತ್ತು ಟಾಂಜಾನಿಯಾಗಳಿಗೆ ಒಂದು ಕಾಲದಲ್ಲಿ ಒಂದೇ ರೈಲ್ವೆ, ಒಂದೇ ಬಂದರು ಆಡಳಿತ, ಒಂದೇ ಅಂಚೆ ವ್ಯವಸ್ಥೆ, ಒಂದೇ ವಿಮಾನ ಸಂಸ್ಥೆ ಇದ್ದವು. ಪೂರ್ವ ಆಫ್ರಿಕಾ ಸಮುದಾಯ ಎಂಬ ಹೆಸರಿನಲ್ಲಿ 1967ರಲ್ಲಿ ಒಡಂಬಡಿಕೆ ಮಾಡಿಕೊಂಡ ಈ ಮೂರು ದೇಶಗಳು ಹತ್ತೇ ವರ್ಷಗಳಲ್ಲಿ ಬೇರೆಯಾದವು. 1977ರಲ್ಲಿ ಟಾಂಜಾನಿಯಾ ಕೀನ್ಯಾದ ಕಡೆಯ ತನ್ನ ಗಡಿಯನ್ನೇ ಮುಚ್ಚಿತು. ಅದು ಮತ್ತೆ ತೆರೆದದ್ದು 1983ರಲ್ಲಿ. ಆಸ್ತಿ ಮತ್ತು ಸಾಲಗಳ ಹಂಚಿಕೆಯ ಒಪ್ಪಂದಕ್ಕೆ 1984ರವರೆಗೆ ಕಾಯಬೇಕಾಯಿತು. ಬಡ ದೇಶಗಳು ನೆರೆಯವರೊಡನೆ ಕೈಜೋಡಿಸಿ ಆರ್ಥಿಕವಾಗಿ ಮೇಲೇಳುವ ವಿಚಾರವನ್ನು ಹಲವು ವರ್ಷಗಳಿಂದ ಓದುತ್ತಾ ಬಂದಿರುವ ನನಗೆ, ಯಶಸ್ಸಿನ ಉದಾಹರಣೆಗಳಿಗಿಂತ ಈ ಒಡಕಿನ ಕಥೆಯೇ ಹೆಚ್ಚು ಕಲಿಸಿದೆ.

ಒಡಕಿಗೆ ಸಾಮಾನ್ಯವಾಗಿ ಕೊಡುವ ಕಾರಣಗಳು ರಾಜಕೀಯದವು. ಕೀನ್ಯಾ ಬಂಡವಾಳಶಾಹಿ ಹಾದಿ ಹಿಡಿದಿತ್ತು, ಟಾಂಜಾನಿಯಾ ಸಮಾಜವಾದದ ಹಾದಿ ಹಿಡಿದಿತ್ತು. 1971ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಅಧಿಕಾರ ಕಸಿದುಕೊಂಡ ಮೇಲೆ ಟಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರು ಆತನೊಂದಿಗೆ ಒಂದೇ ಮೇಜಿನಲ್ಲಿ ಕೂರಲು ಒಪ್ಪಲಿಲ್ಲ. ಇವೆಲ್ಲ ನಿಜ. ಆದರೆ ಅಸಮಾಧಾನದ ಬೇರು ಇದಕ್ಕಿಂತ ಹಳೆಯದು. ವಸಾಹತು ಕಾಲದಲ್ಲೇ ರೈಲ್ವೆಯ ಕೇಂದ್ರವಾಗಿ ಬೆಳೆದಿದ್ದ ನೈರೋಬಿಯಲ್ಲಿ ಬ್ಯಾಂಕುಗಳಿದ್ದವು, ಕುಶಲ ಕಾರ್ಮಿಕರಿದ್ದರು, ಬಿಡಿಭಾಗ ಒದಗಿಸುವವರಿದ್ದರು, ಮೊಂಬಾಸಾ ಬಂದರಿಗೆ ನೇರ ದಾರಿಯಿತ್ತು. ಮೂರೂ ದೇಶಗಳ ಮಾರುಕಟ್ಟೆ ಒಂದೇ ಎಂದಾದರೆ ಹೊಸ ಕಾರ್ಖಾನೆ ಕಟ್ಟುವವನು ನೈರೋಬಿಯನ್ನೇ ಆರಿಸಿಕೊಳ್ಳುತ್ತಾನೆ. ಅಲ್ಲಿಂದಲೇ ಕಂಪಾಲಾಕ್ಕೂ ದಾರ್ ಎಸ್ ಸಲಾಮ್‌ಗೂ ಸರಕು ಕಳುಹಿಸುತ್ತಾನೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಿಲ್ಲ. ಅಸಮಾನ ನೆರೆಹೊರೆಯವರ ನಡುವೆ ಸುಂಕದ ಗೋಡೆ ಬಿದ್ದಾಗ ಮೊದಲು ಆಗುವುದು ಹೀಗೆಯೇ.

ಹಿಂದುಳಿದ ನೆರೆಯ ದೇಶಕ್ಕೆ ಇಲ್ಲಿ ಎರಡು ಕಡೆಯಿಂದ ನಷ್ಟ. ದೂರದ ದೇಶದಿಂದ ಅಗ್ಗವಾಗಿ ಸಿಗುತ್ತಿದ್ದ ವಸ್ತುವಿನ ಬದಲು, ಹೊರಗಿನ ಸರಕಿನ ಮೇಲೆ ಎಲ್ಲ ಸದಸ್ಯ ದೇಶಗಳೂ ಹಾಕುವ ಒಂದೇ ಸುಂಕದ ಆಸರೆಯಲ್ಲಿ ತಯಾರಾದ ನೆರೆದೇಶದ ದುಬಾರಿ ವಸ್ತುವನ್ನು ಅದರ ಜನ ಕೊಳ್ಳುತ್ತಾರೆ. ಮೊದಲು ಆ ಆಮದಿನ ಮೇಲೆ ಖಜಾನೆಗೆ ಬರುತ್ತಿದ್ದ ಸುಂಕವೂ ನಿಂತುಹೋಗುತ್ತದೆ. ಅಂದರೆ ಬಡ ದೇಶದ ಬಳಕೆದಾರ ಮತ್ತು ಬಡ ದೇಶದ ಸರ್ಕಾರ ಸೇರಿ, ತಮಗಿಂತ ಮುಂದಿರುವ ನೆರೆಯ ದೇಶದ ಕೈಗಾರಿಕೆಗೆ ಸಹಾಯಧನ ಕೊಟ್ಟಂತೆ. ವ್ಯಾಪಾರದ ಒಟ್ಟು ಮೊತ್ತ ಬೆಳೆದಿದೆ ಎಂಬ ಲೆಕ್ಕ ತೋರಿಸಿ ಈ ದೂರನ್ನು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಒಟ್ಟು ಮೊತ್ತ ಬೆಳೆಯುತ್ತಿರುವಾಗಲೇ ಒಬ್ಬರ ಪಾಲು ಕರಗುತ್ತಿರಲು ಸಾಧ್ಯ.

1967ರ ಒಡಂಬಡಿಕೆ ಬರೆದವರಿಗೆ ಇದು ತಿಳಿಯದೆ ಇರಲಿಲ್ಲ. ಅವರು ಕಂಪಾಲಾದಲ್ಲಿ ಪೂರ್ವ ಆಫ್ರಿಕಾ ಅಭಿವೃದ್ಧಿ ಬ್ಯಾಂಕನ್ನು ಕಟ್ಟಿದರು. ಮೂರು ದೇಶಗಳೂ ಸಮನಾಗಿ ಬಂಡವಾಳ ಹಾಕಬೇಕು, ಆದರೆ ಸಾಲದಲ್ಲಿ ಉಗಾಂಡಾ ಮತ್ತು ಟಾಂಜಾನಿಯಾಗಳಿಗೆ ತಲಾ ಶೇ. 38.75, ಕೀನ್ಯಾಕ್ಕೆ ಶೇ. 22.5 ಸಿಗಬೇಕು ಎಂದು ಗೊತ್ತುಮಾಡಿದರು. ನೆರೆಯವರೊಡನೆ ವ್ಯಾಪಾರದಲ್ಲಿ ಕೊರತೆಯಲ್ಲಿರುವ ದೇಶ ತನ್ನ ಹೊಸ ಕಾರ್ಖಾನೆಯ ರಕ್ಷಣೆಗಾಗಿ ನೆರೆಯ ಸರಕಿನ ಮೇಲೆ ತಾತ್ಕಾಲಿಕ ವರ್ಗಾವಣೆ ತೆರಿಗೆ ಹಾಕಬಹುದು ಎಂದೂ ಬರೆದರು. ಬ್ಯಾಂಕಿನ ಕೈಯಲ್ಲಿದ್ದ ಹಣ ಸಮಸ್ಯೆಯ ಗಾತ್ರಕ್ಕೆ ಬಹಳ ಚಿಕ್ಕದಾಗಿತ್ತು. ತೆರಿಗೆಯಂತೂ ಪ್ರತಿಯೊಬ್ಬರೂ ತಮ್ಮದೇ ಕಾರ್ಖಾನೆ ಕಟ್ಟಿಕೊಳ್ಳುವುದಕ್ಕೆ ನೆಪವಾಯಿತು. ನೈರೋಬಿಯಲ್ಲೊಂದು ಟೈರ್ ಕಾರ್ಖಾನೆ, ಟಾಂಜಾನಿಯಾದ ಅರುಷಾದಲ್ಲೊಂದು ಟೈರ್ ಕಾರ್ಖಾನೆ. ಮಾರುಕಟ್ಟೆಯನ್ನು ದೊಡ್ಡದು ಮಾಡಬೇಕೆಂದು ಒಂದಾದವರು ಅದನ್ನು ಮತ್ತೆ ತುಂಡುಮಾಡಿಕೊಂಡರು. ಆದರೂ ಒಂದು ಸಂಗತಿ ನನ್ನನ್ನು ಇಂದಿಗೂ ತಟ್ಟುತ್ತದೆ: ಸಮುದಾಯವೇ ಮುರಿದುಬಿದ್ದ ಮೇಲೂ ಆ ಬ್ಯಾಂಕು ಉಳಿಯಿತು. ಪಾಲಿನ ಲೆಕ್ಕವನ್ನು ಮೊದಲೇ ಬರೆದಿಟ್ಟ ಸಂಸ್ಥೆ ಅದು.

ಮಧ್ಯ ಅಮೆರಿಕದ ಸಾಮಾನ್ಯ ಮಾರುಕಟ್ಟೆಯ ಕಥೆಯೂ ಇದಕ್ಕೆ ಹತ್ತಿರದ್ದು. 1960ರ ಒಪ್ಪಂದದ ನಂತರ ಅಲ್ಲಿನ ದೇಶಗಳ ನಡುವಿನ ವ್ಯಾಪಾರ ಹಲವು ಪಟ್ಟು ಬೆಳೆಯಿತು, ಆದರೆ ಕಾರ್ಖಾನೆಗಳು ಹೆಚ್ಚಾಗಿ ಗ್ವಾಟೆಮಾಲಾ ಮತ್ತು ಎಲ್ ಸಾಲ್ವಡಾರ್‌ಗಳಲ್ಲಿ ನೆಲೆಯೂರಿದವು ಎಂಬ ಕೊರಗು ಹೊಂಡುರಾಸ್‌ಗೆ ಉಳಿಯಿತು. 1969ರ ಜುಲೈನಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ನಡುವೆ ಯುದ್ಧವೇ ನಡೆಯಿತು. ಅದರ ಮುಖ್ಯ ಕಾರಣ ಭೂಮಿ ಮತ್ತು ವಲಸೆ, ನಿಜ. ಆದರೆ 1970ರ ಕೊನೆಗೆ ಹೊಂಡುರಾಸ್ ನೆರೆಯವರ ಸರಕಿನ ಮೇಲೆ ಮತ್ತೆ ಸುಂಕ ಹಾಕಿ ಮಾರುಕಟ್ಟೆಯಿಂದ ಹೊರಬಂದಾಗ, ಆ ಹಳೆಯ ಕೊರಗು ಕೂಡ ಅದರ ಹಿಂದೆ ಇತ್ತು.

ಹಾಗಾದರೆ ಪಾಲನ್ನು ಹಂಚುವುದು ಹೇಗೆ? ನೇರವಾಗಿ ಹಣ ಹಂಚುವುದು ಒಂದು ದಾರಿ. 1910ರಿಂದ ನಡೆದುಬಂದಿರುವ ದಕ್ಷಿಣ ಆಫ್ರಿಕಾದ ಸುಂಕ ಒಕ್ಕೂಟದಲ್ಲಿ ಸಂಗ್ರಹವಾದ ಸುಂಕವನ್ನು ಒಟ್ಟುಗೂಡಿಸಿ, ಲೆಸೋಥೋ, ಎಸ್ವಾಟಿನಿ, ಬೋಟ್ಸ್ವಾನಾ, ನಮೀಬಿಯಾಗಳಿಗೆ ಒಂದು ಸೂತ್ರದಂತೆ ಪಾಲು ಕೊಡುತ್ತಾರೆ. ಒಕ್ಕೂಟ ಇಷ್ಟು ಕಾಲ ಬಾಳಿದ್ದಕ್ಕೆ ಈ ಹಣವೇ ದೊಡ್ಡ ಕಾರಣ. ಆದರೆ ಲೆಸೋಥೋ, ಎಸ್ವಾಟಿನಿಗಳ ಬಜೆಟ್ ಈ ಪಾಲಿನ ಮೇಲೇ ನಿಂತುಬಿಟ್ಟಿದೆ. ದಕ್ಷಿಣ ಆಫ್ರಿಕಾದ ಆಮದು ಕುಸಿದ ವರ್ಷ ಇವರ ಖಜಾನೆ ಬರಿದಾಗುತ್ತದೆ. ಹಣದಿಂದ ಸಮಾಧಾನ ಸಿಕ್ಕೀತು, ಸ್ಪರ್ಧಾಶಕ್ತಿ ಬರುವುದಿಲ್ಲ.

ಸ್ಪರ್ಧಾಶಕ್ತಿ ಬರುವುದು ಹಣ ರಸ್ತೆಯಾಗಿ, ವಿದ್ಯುತ್ತಾಗಿ ಬದಲಾದಾಗ. ಈ ವಿಷಯದಲ್ಲಿ ಪರಾಗ್ವೆಯ ಅನುಭವವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1973ರ ಒಪ್ಪಂದದಂತೆ ಬ್ರೆಜಿಲ್ ಜೊತೆ ಸೇರಿ ಕಟ್ಟಿದ ಇತೈಪು ಜಲವಿದ್ಯುತ್ ಯೋಜನೆಯ ಸಾಮರ್ಥ್ಯ 14,000 ಮೆಗಾವಾಟ್. ಅದರಲ್ಲಿ ಅರ್ಧ ಪರಾಗ್ವೆಯದು. ಆದರೂ ದಶಕಗಳ ಕಾಲ ಆ ದೇಶದ ರಾಜಧಾನಿ ಅಸುನ್ಸಿಯೋನ್ ವಿದ್ಯುತ್ ಕಡಿತವನ್ನು ಅನುಭವಿಸುತ್ತಿತ್ತು, ಏಕೆಂದರೆ ಅಣೆಕಟ್ಟಿನಿಂದ ಅಲ್ಲಿಗೆ ಸಾಕಷ್ಟು ಶಕ್ತಿಯ ತಂತಿಮಾರ್ಗವೇ ಇರಲಿಲ್ಲ, ಮತ್ತು ತನಗೆ ಬೇಡವಾದ ವಿದ್ಯುತ್ತನ್ನು ಅದು ಬ್ರೆಜಿಲ್‌ಗೇ ಬಿಟ್ಟುಕೊಡಬೇಕಿತ್ತು. 2009ರಲ್ಲಿ ಬ್ರೆಜಿಲ್ ಆ ವಿದ್ಯುತ್ತಿಗೆ ಕೊಡುವ ಪರಿಹಾರವನ್ನು ಮೂರು ಪಟ್ಟು ಹೆಚ್ಚಿಸಲು ಒಪ್ಪಿತು. 2013ರಲ್ಲಿ ಇತೈಪುವಿನಿಂದ ಅಸುನ್ಸಿಯೋನ್ ಬಳಿಯ ವಿಲ್ಲಾ ಹಾಯೆಸ್‌ವರೆಗೆ 500 ಕಿಲೋವೋಲ್ಟ್ ಮಾರ್ಗ ಬಂತು. ಅದಕ್ಕೆ ಹಣ ಬಂದದ್ದು ಹೆಚ್ಚಾಗಿ ದಕ್ಷಿಣ ಅಮೆರಿಕದ ಮೆರ್ಕೊಸೂರ್ ವ್ಯಾಪಾರ ಒಕ್ಕೂಟದ ಸಮತೋಲನ ನಿಧಿಯಿಂದ. ಈ ನಿಧಿಗೆ ಬ್ರೆಜಿಲ್ ಶೇ. 70, ಅರ್ಜೆಂಟೀನಾ ಶೇ. 27, ಉರುಗ್ವೆ ಶೇ. 2, ಪರಾಗ್ವೆ ಶೇ. 1 ಹಾಕಬೇಕು, ಪಡೆಯುವಾಗ ಪರಾಗ್ವೆಗೆ ಶೇ. 48, ಉರುಗ್ವೆಗೆ ಶೇ. 32 ಎಂಬುದು ಮೂಲ ಹಂಚಿಕೆ. ವರ್ಷಕ್ಕೆ 10 ಕೋಟಿ ಡಾಲರ್ ಎಂದು ಶುರುವಾದ ನಿಧಿ ಒಕ್ಕೂಟದ ಆರ್ಥಿಕತೆಯ ಮುಂದೆ ಸಣ್ಣದೇ. ಆದರೂ ಒಂದು ತಂತಿಮಾರ್ಗ ಎಳೆಯಲು ಸಾಕಾಯಿತು.

ಇನ್ನೊಂದು ದಾರಿ, ಒಂದೇ ವಸ್ತುವಿನ ಕೆಲಸವನ್ನು ಹಂಚಿಕೊಳ್ಳುವುದು. ನೆರೆಯ ಬಡ ದೇಶಗಳು ಸಾಮಾನ್ಯವಾಗಿ ಒಂದೇ ಬಗೆಯ ಬೆಳೆ, ಒಂದೇ ಬಗೆಯ ಸಿದ್ಧ ಉಡುಪನ್ನು ಒಂದೇ ದೂರದ ಗ್ರಾಹಕನಿಗೆ ಮಾರುತ್ತವೆ. ಹೂಡಿಕೆ ತರಲು ತೆರಿಗೆ ವಿನಾಯಿತಿಯಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಹೋಗಿ ಇಬ್ಬರೂ ಆದಾಯ ಕಳೆದುಕೊಳ್ಳುತ್ತವೆ. ಆಗ್ನೇಯ ಏಷ್ಯಾ ವಾಹನ ಉದ್ಯಮದಲ್ಲಿ ಬೇರೆ ಹಾದಿ ಹಿಡಿಯಿತು. ಬೇರೆ ಬೇರೆ ದೇಶಗಳಲ್ಲಿ ತಯಾರಾದ ಬಿಡಿಭಾಗಗಳಿಗೆ ಸುಂಕ ರಿಯಾಯಿತಿ ಕೊಡುವ ವ್ಯವಸ್ಥೆಯನ್ನು ಆ ಭಾಗದ ದೇಶಗಳ ಒಕ್ಕೂಟವಾದ ಆಸಿಯಾನ್ 1988ರಲ್ಲೇ ತಂದಿತ್ತು. 2004ರಲ್ಲಿ ಟೊಯೋಟಾ ಹೊಸ ಪಿಕಪ್ ವಾಹನಗಳ ಸರಣಿ ಶುರುಮಾಡಿದಾಗ ಡೀಸೆಲ್ ಎಂಜಿನ್ ಥಾಯ್ಲೆಂಡಿನಲ್ಲಿ, ಪೆಟ್ರೋಲ್ ಎಂಜಿನ್ ಇಂಡೋನೇಷ್ಯಾದಲ್ಲಿ, ಗೇರ್‌ಬಾಕ್ಸ್ ಫಿಲಿಪ್ಪೀನ್ಸ್‌ನಲ್ಲಿ ತಯಾರಾದವು. ಹೀಗಾದಾಗ ನೆರೆಯವನ ಕಾರ್ಖಾನೆ ನಿಂತರೆ ನಮ್ಮದೂ ನಿಲ್ಲುತ್ತದೆ. ಅವನ ರಸ್ತೆ ಕೆಟ್ಟರೆ ನಮ್ಮ ಸರಕು ತಡವಾಗುತ್ತದೆ. ತಡವಾಗಿ ಸೇರಿದ ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್, ಕಾಂಬೋಡಿಯಾಗಳಿಗೆ ಸುಂಕ ಇಳಿಸಲು ಹೆಚ್ಚು ಕಾಲಾವಕಾಶ ಕೊಟ್ಟದ್ದೂ ವಿವೇಕದ ಕೆಲಸ. ಹಳೆಯ ಆರು ಸದಸ್ಯರು 2010ರ ಹೊತ್ತಿಗೆ ಬಹುಪಾಲು ಸುಂಕ ತೆಗೆದರು. ಈ ನಾಲ್ವರಿಗೆ 2015ರವರೆಗೆ, ಕೆಲವು ಸರಕುಗಳಿಗೆ 2018ರವರೆಗೆ ಸಮಯವಿತ್ತು.

ಸುಂಕದಷ್ಟೇ ಕಾಡುವುದು ಗಡಿಯಲ್ಲಿನ ಕಾಯುವಿಕೆ. ಜಾಂಬಿಯಾ ಮತ್ತು ಜಿಂಬಾಬ್ವೆ ನಡುವೆ ಜಾಂಬೆಜಿ ನದಿಯ ದಡದಲ್ಲಿರುವ ಚಿರುಂಡುವಿನಲ್ಲಿ ಲಾರಿಗಳು ಎರಡೂ ಕಡೆ ಒಂದೇ ತಪಾಸಣೆಗಾಗಿ ದಿನಗಟ್ಟಲೆ ನಿಲ್ಲುತ್ತಿದ್ದವು. 2009ರ ಡಿಸೆಂಬರಿನಲ್ಲಿ ಎರಡೂ ದೇಶಗಳ ಅಧಿಕಾರಿಗಳು ಒಂದೇ ಕಡೆ ಕುಳಿತು ಒಮ್ಮೆ ಮಾತ್ರ ತಪಾಸಣೆ ಮಾಡುವ ವ್ಯವಸ್ಥೆ ಬಂತು. ಕಡಲತೀರವಿಲ್ಲದ ದೇಶಕ್ಕೆ ಇದು ಅನ್ನದ ಪ್ರಶ್ನೆ: ಅದರ ರೈತ ಎಷ್ಟೇ ಅಗ್ಗವಾಗಿ ಬೆಳೆದರೂ ನೆರೆಯವರ ಗಡಿಯಲ್ಲಿ ಕಳೆದ ದಿನಗಳ ಲಾರಿ ಬಾಡಿಗೆ ಅವನ ಬೆಲೆಗೆ ಸೇರಿಕೊಳ್ಳುತ್ತದೆ.

ದಕ್ಷಿಣ ಏಷ್ಯಾದ ಬಗ್ಗೆ ಬರೆಯುವಾಗ ನನಗೆ ನೋವಾಗುತ್ತದೆ. ಆಸಿಯಾನ್ ದೇಶಗಳ ಒಟ್ಟು ವ್ಯಾಪಾರದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ತಮ್ಮತಮ್ಮೊಳಗೇ ನಡೆದರೆ, ಇಲ್ಲಿ ಅದು ಶೇ. 5ರ ಆಸುಪಾಸಿನಲ್ಲಿದೆ. 2004ರಲ್ಲಿ ಸಹಿಯಾಗಿ 2006ರಲ್ಲಿ ಜಾರಿಗೆ ಬಂದ ಮುಕ್ತ ವ್ಯಾಪಾರ ಒಪ್ಪಂದ ಕಾಗದದಲ್ಲಿದೆ; ಸಾರ್ಕ್‌ನ ಕೊನೆಯ ಶೃಂಗಸಭೆ 2014ರಲ್ಲಿ ಕಠ್ಮಂಡುವಿನಲ್ಲಿ ನಡೆಯಿತು. ಇಲ್ಲಿಯೂ ಪಾಲಿನ ಭಯವೇ ಕೆಲಸ ಮಾಡುತ್ತಿದೆ. ಭೂತಾನ್, ಬಾಂಗ್ಲಾದೇಶ, ಭಾರತ, ನೇಪಾಳಗಳ ವಾಹನಗಳು ಪರಸ್ಪರರ ನೆಲದಲ್ಲಿ ಓಡಾಡುವ ಒಪ್ಪಂದ 2015ರಲ್ಲಿ ಥಿಂಪುವಿನಲ್ಲೇ ಸಹಿಯಾದರೂ, ದೊಡ್ಡ ನೆರೆಯವರ ವಾಹನಗಳು ತಮ್ಮ ಪುಟ್ಟ ದೇಶವನ್ನು ತುಂಬಿಬಿಡುತ್ತವೆ ಎಂಬ ಆತಂಕದಿಂದ ಭೂತಾನಿನ ಮೇಲ್ಮನೆ 2016ರಲ್ಲಿ ಅದನ್ನು ತಿರಸ್ಕರಿಸಿತು. ಆ ನಿರ್ಧಾರವನ್ನು ಹಿಂದುಳಿದ ಯೋಚನೆ ಎನ್ನಲು ನಾನು ಸಿದ್ಧನಿಲ್ಲ. ಇದೇ ಭೂತಾನ್ 1980ರ ದಶಕದಲ್ಲಿ ಭಾರತದ ನೆರವಿನಿಂದ 336 ಮೆಗಾವಾಟ್‌ನ ಚುಖಾ ಯೋಜನೆ ಕಟ್ಟಿ, ಹೆಚ್ಚುವರಿ ವಿದ್ಯುತ್ತನ್ನು ಭಾರತಕ್ಕೆ ಮಾರುತ್ತಾ ಬಂದಿದೆ. ತನ್ನ ಪಾಲು ಸ್ಪಷ್ಟವಾಗಿ ಕಂಡಲ್ಲಿ ಅದು ಹಿಂಜರಿಯಲಿಲ್ಲ.

ಪೂರ್ವ ಆಫ್ರಿಕಾ ಸಮುದಾಯ 2000ದಲ್ಲಿ ಮತ್ತೆ ಹುಟ್ಟಿತು. ಅದರ ಸುಂಕ ಒಕ್ಕೂಟ 2005ರಲ್ಲಿ ಜಾರಿಗೆ ಬಂದಾಗ ಉಗಾಂಡಾ ಮತ್ತು ಟಾಂಜಾನಿಯಾಗಳ ಸರಕಿಗೆ ಕೀನ್ಯಾ ಕೂಡಲೇ ಬಾಗಿಲು ತೆರೆಯಿತು. ಕೀನ್ಯಾದ ಆಯ್ದ ಸರಕುಗಳ ಮೇಲೆ ಮಾತ್ರ ಆ ಎರಡು ದೇಶಗಳು ಐದು ವರ್ಷ ಕಾಲ ಇಳಿಯುತ್ತಾ ಹೋಗುವ ಸುಂಕ ಹಾಕಲು ಅವಕಾಶವಿತ್ತು. ಮುಂದಿದ್ದವನು ಮೊದಲು ಬಿಟ್ಟುಕೊಡುವ ಈ ಏರ್ಪಾಟನ್ನು 1977ರ ಪಾಠವಿಲ್ಲದೆ ಯಾರೂ ಬರೆಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಈಗ ಸಮುದಾಯ ದೊಡ್ಡದಾಗಿದೆ: ದಕ್ಷಿಣ ಸುಡಾನ್ 2016ರಲ್ಲಿ, ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ 2022ರಲ್ಲಿ, ಸೊಮಾಲಿಯಾ 2024ರಲ್ಲಿ ಸೇರಿವೆ. ಎಲ್ಲರೂ ಸಮನಾದ ವಂತಿಗೆ ಕೊಡಬೇಕೆಂಬ ಹಳೆಯ ನಿಯಮದಡಿ ದಕ್ಷಿಣ ಸುಡಾನ್, ಬುರುಂಡಿಯಂಥ ದೇಶಗಳ ಬಾಕಿ ಬೆಳೆಯುತ್ತಾ ಬಂತು, ಮತ್ತು ಶಕ್ತಿಗೆ ತಕ್ಕಂತೆ ವಂತಿಗೆ ಇರಬೇಕೆಂಬ ಚರ್ಚೆ ಅರುಷಾದ ಕೇಂದ್ರ ಕಚೇರಿಯ ಮುಂದೆ ಮತ್ತೆ ಬಂದಿದೆ.