ಹಳೇ ಗಾಯದ ಬಗ್ಗೆ ಕೇಳಿದರೆ ಹಿಪಾ ಉಲ್ಲಂಘನೆಯಂತೆ!

ಅಮೆರಿಕದಲ್ಲಿ ಚುನಾವಣೆ ಬಂತೆಂದರೆ, ಆರೋಗ್ಯ ವಿಮೆ ಮತ್ತು ರೋಗಿಯ ಗೋಪ್ಯತೆಗೆ ಸಂಬಂಧಿಸಿದ ‘ಹಿಪಾ’ (HIPAA) ಕಾಯ್ದೆಯ ಬಗ್ಗೆ ಈ ಪ್ರಶ್ನೆ ತಪ್ಪಿದ್ದಲ್ಲ: ‘ಅಭ್ಯರ್ಥಿಗೆ ಎಂದೋ ಆದ ಗಾಯದ ಬಗ್ಗೆ ಪತ್ರಕರ್ತರು ಕೆದಕ್ತಾರಲ್ಲ, ಅದು ಹಿಪಾ ಉಲ್ಲಂಘನೆ ಅಲ್ವಾ?’

ಅಲ್ಲ. ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ‘ಅಲ್ವಾ’ ಎಂದು ಉತ್ತರವನ್ನೂ ಪ್ರಶ್ನೆಯೊಳಗೇ ತುರುಕಿ ತರುವವರಿಗೆ ಅಷ್ಟು ಸಾಲದು.

1996ರ ಆ ಕಾಯ್ದೆಯ ಹೆಸರಿನಲ್ಲಿರುವ ‘ಪಿ’ ಪ್ರೈವೆಸಿಯದ್ದಲ್ಲ, ಪೋರ್ಟಬಿಲಿಟಿಯದ್ದು: ಕೆಲಸ ಬದಲಿಸಿದರೂ ವಿಮೆ ಕೈಬಿಡದಿರಲಿ ಎಂದು. ಅದರಡಿಯ ಗೋಪ್ಯತೆಯ ನಿಯಮವನ್ನು ಪಾಲಿಸಬೇಕಾಗಿ ಬಂದದ್ದು 2003ರಿಂದ. ಅದು ಕಟ್ಟಿಹಾಕುವುದು ವೈದ್ಯರು, ಆಸ್ಪತ್ರೆ, ವಿಮಾ ಸಂಸ್ಥೆ, ಅವರ ಪರವಾಗಿ ಕಡತ ಮುಟ್ಟುವವರನ್ನು. ಪತ್ರಕರ್ತನನ್ನಲ್ಲ, ಗಾಯಗೊಂಡವನನ್ನಂತೂ ಅಲ್ಲವೇ ಅಲ್ಲ. ‘ಹಿಪಾ ಇದೆ, ನಾನು ಹೇಳುವಂತಿಲ್ಲ’ ಎನ್ನುವ ಅಭ್ಯರ್ಥಿ, ತನ್ನ ಮನೆಗೆ ತಾನೇ ಬೀಗ ಜಡಿದು, ಕೀಲಿ ಜೇಬಿಗಿಳಿಸಿ, ಒಳಗೆ ಬಿಡಲು ಕಾನೂನು ಒಪ್ಪುತ್ತಿಲ್ಲ ಎಂದ ಹಾಗೆ. ಇಷ್ಟವಿಲ್ಲದಿದ್ದರೆ ಇಷ್ಟವಿಲ್ಲ ಎನ್ನಲಿ. ಆ ಹಕ್ಕು ಅವರಿಗಿದೆ.

‘ವೈದ್ಯಕೀಯ ದಾಖಲೆ ಬಿಡುಗಡೆ ಮಾಡಿದ್ದೇನೆ’ ಎನ್ನುವ ಅಭ್ಯರ್ಥಿಯನ್ನು ‘ಬಿಡುಗಡೆ ಮಾಡಿದ್ದು ಯಾವ ಕಾಗದ?’ ಎಂದು ಯಾರಾದರೂ ಕೇಳಬಾರದೇ! ದಾಖಲೆ ಎಂದು ಕೈಗಿಡುವುದು ಎಷ್ಟೋ ಸಲ ವೈದ್ಯರ ಒಂದು ಪತ್ರವಷ್ಟೇ. ಮೂಳೆ ಮುರಿದಿತ್ತು ಎಂದಾದರೆ ನೋಡಬೇಕಾದ್ದು ತುರ್ತು ವಿಭಾಗದ ಟಿಪ್ಪಣಿ, ಎಕ್ಸ್‌ರೇ ವರದಿ, ಆಪರೇಷನ್ ಆಗಿದ್ದರೆ ಅದರ ನೋಟ್, ಡಿಸ್ಚಾರ್ಜ್ ಸಮ್ಮರಿ. ಗಾಯ ಹೇಗಾಯಿತು ಎಂಬುದು ಮೊದಲನೆಯದರಲ್ಲಿರುತ್ತದೆ. ಆದರೆ ಅದು ರೋಗಿ ಹೇಳಿದ್ದು, ವೈದ್ಯರು ಕಂಡದ್ದಲ್ಲ.

ಇನ್ನು ಕಡತ ಹೊರಗೆ ಕೊಡಲು ಆಸ್ಪತ್ರೆಗೆ ರೋಗಿ ಬರೆದುಕೊಡುವ ಒಪ್ಪಿಗೆ ಪತ್ರ. ಯಾವ ಮಾಹಿತಿ, ಯಾರು ಕೊಡಬೇಕು, ಯಾರಿಗೆ, ಯಾತಕ್ಕೆ, ಎಲ್ಲಿಯವರೆಗೆ ಊರ್ಜಿತ, ಕೊನೆಗೆ ಸಹಿ ಮತ್ತು ತಾರೀಖು. ಚಾಲಾಕಿ ನಡೆಯುವುದು ಮೊದಲ ಸಾಲಿನಲ್ಲೇ. ‘ಇಂಥ ವರ್ಷದಿಂದ ಈಚೆಗೆ’ ಎಂದು ಬರೆದರೆ ಗಾಯವಾದ ವರ್ಷ ಆಚೆಗೇ ಉಳಿಯುತ್ತದೆ, ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ. 2008ರಲ್ಲಿ ಅಧ್ಯಕ್ಷೀಯ ಚುನಾವಣೆಗೆ ನಿಂತಿದ್ದ ಜಾನ್ ಮೆಕೇನ್ ತಮ್ಮ ವೈದ್ಯಕೀಯ ದಾಖಲೆಯ 1,173 ಪುಟ ತೋರಿಸಿದರು: ಆಯ್ದ ಪತ್ರಕರ್ತರಿಗೆ, ಸುಮಾರು ಮೂರು ಗಂಟೆ, ನಕಲು ತೆಗೆಯುವಂತಿಲ್ಲ. ನಿಮಿಷಕ್ಕೆ ಆರು ಪುಟ ಮಗುಚಿದರೂ ಮುಗಿಯದು! ಅಷ್ಟೂ 2000ದಿಂದೀಚಿನವು. ವಿಯೆಟ್ನಾಂನಲ್ಲಿ 1967ರಲ್ಲಿ ವಿಮಾನ ಬಿದ್ದು ಅವರ ಎರಡೂ ತೋಳು, ಒಂದು ಕಾಲು ಮುರಿದಿದ್ದವು. ಯುದ್ಧಕೈದಿಯಾಗಿದ್ದ ಕಾಲದ ನಂತರದ ನೌಕಾಪಡೆಯ ವೈದ್ಯಕೀಯ ಕಡತಗಳನ್ನು ಅವರು 1999ರಲ್ಲೇ ತೆರೆದಿಟ್ಟಿದ್ದರು, ಅದು ಬೇರೆ ಮಾತು.

ಹಾಗಂತ ‘ಕಡತವಿಲ್ಲ’ ಎಂದ ಕೂಡಲೇ ಸುಳ್ಳುಗಾರ ಎಂದುಬಿಡಬೇಡಿ. ರೋಗಿಯ ಕಡತ ಎಷ್ಟು ವರ್ಷ ಇಡಬೇಕೆಂದು ಹಿಪಾ ಹೇಳುವುದೇ ಇಲ್ಲ. ಅದನ್ನು ಬಹುಪಾಲು ರಾಜ್ಯಗಳ ಕಾನೂನಿಗೆ ಬಿಟ್ಟಿದೆ, ಅವಧಿ ಮುಗಿದರೆ ನಾಶ ಮಾಡಬಹುದು. ಸೇಂಟ್ ಲೂಯಿಸ್‌ನ ಸೇನಾ ದಾಖಲೆ ಕೇಂದ್ರಕ್ಕೆ 1973ರ ಜುಲೈ 12ರಂದು ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಸೈನಿಕರ ಕಡತಗಳು ಹೋದವು. ಮೂಳೆಯನ್ನೇ ಕೇಳೋಣವೆಂದರೆ, ಕೂಡಿಕೊಂಡ ಮುರಿತ ಎಕ್ಸ್‌ರೇಯಲ್ಲಿ ಕಂಡರೂ ಅದು ಹದಿನೈದು ವರ್ಷದ್ದೋ ನಲವತ್ತು ವರ್ಷದ್ದೋ ಎಂದು ಬಾಯಿಬಿಡುವುದಿಲ್ಲ.