ಪಿಎಫ್ ಗಂಟಿಗೆ ತೆರಿಗೆಯಿಲ್ಲ, ಪಿಂಚಣಿಗೆ ಇದೆ

ಶಿರಸಿ, ಕಾರವಾರದ ಕಡೆ ಸಂಬಳದಾರರು ತೀರಿಕೊಂಡ ಮೇಲೆ ಮನೆಯವರಿಗೆ ಕಾಡುವ ಪ್ರಶ್ನೆ: ಬಂದ ದುಡ್ಡಿಗೆ ತೆರಿಗೆ ಎಷ್ಟು? ನಾಮಿನಿಗೋ ವಾರಸುದಾರರಿಗೋ ಬರುವ ಪಿಎಫ್ ಗಂಟಿಗೆ ಆದಾಯ ತೆರಿಗೆಯಿಲ್ಲ. ಸತ್ತವರ ಆಸ್ತಿಯ ಮೇಲಿನ ಸುಂಕವಂತೂ 1985ರಲ್ಲೇ ರದ್ದಾಗಿದೆ.

ಎಡವುವುದು ಪಿಂಚಣಿಯಲ್ಲಿ. ಹೆಂಡತಿಗೆ ಬರುವ ಕುಟುಂಬ ಪಿಂಚಣಿ ಅವರದೇ ಆದಾಯ. ತೆರಿಗೆ ರಿಟರ್ನ್‌ನಲ್ಲಿ 'ಇತರ ಮೂಲ'ದಡಿ ತೋರಿಸಬೇಕು. ಮೂರನೇ ಒಂದು ಭಾಗ ಕಳೆಯಬಹುದು, ಆದರೆ ಹಳೆ ತೆರಿಗೆ ಪದ್ಧತಿಯಲ್ಲಿ 15,000, ಹೊಸದರಲ್ಲಿ 25,000 ರೂಪಾಯಿ ದಾಟುವಂತಿಲ್ಲ. ತಿಂಗಳಿಗೆ 4,000 ಬಂದರೆ ವರ್ಷಕ್ಕೆ 48,000. ಮೂರನೇ ಒಂದು 16,000. ಹೊಸದರಲ್ಲಿ 32,000, ಹಳೆಯದರಲ್ಲಿ 33,000 ಲೆಕ್ಕಕ್ಕೆ ಬರುತ್ತದೆ. ಗಂಟನ್ನು ಎಫ್‌ಡಿ ಇಟ್ಟರೆ ಅದರ ಬಡ್ಡಿಗೂ ತೆರಿಗೆಯುಂಟು. ಇದನ್ನು ಮರೆಯುವವರೇ ಹೆಚ್ಚು.

ಈ ದುಡ್ಡಿಗೆ ಅರ್ಜಿ ಹಾಕಲು ಪಿಎಫ್‌ಗೆ ನಮೂನೆ 20, ಪಿಂಚಣಿಗೆ 10ಡಿ, ಪಿಎಫ್ ಜೊತೆಗಿನ ವಿಮೆಗೆ 5ಐಎಫ್. ಮದುವೆಗೆ ಮುಂಚೆ ತಮ್ಮನ ಹೆಸರಿಗೆ ಮಾಡಿಟ್ಟ ನಾಮಿನೇಶನ್ ಮದುವೆಯಾದ ಕೂಡಲೇ ಬಿದ್ದುಹೋಗುತ್ತದೆ. ದಯವಿಟ್ಟು ಇವತ್ತೇ ಹೊಸದು ಮಾಡಿಸಿ. ಹೆಸರನ್ನೂ ನೋಡಿಕೊಳ್ಳಿ. ಪಿಎಫ್ ದಾಖಲೆಯಲ್ಲಿ 'ಹೆಗಡೆ', ಆಧಾರ್‌ನಲ್ಲಿ 'ಹೆಗ್ಡೆ' ಅಂತಿದ್ದರೆ ಅಷ್ಟಕ್ಕೇ ಅರ್ಜಿ ವಾಪಸ್ ಬರಬಹುದು.